ಬೀರಕ್ಕನ ಕ್ರಿಯಾಪದಗಳು

ಆಂಧ್ರದ ಹಿಂದೂಪುರದ ಕನ್ನಡ ಪಂಡಿತ ಈರಲಿಂಗಪ್ಪನವರು ಆ ಸಂಜೆ ಸೈಕಲ್ಲಿಗೆ ಸ್ಟ್ಯಾಂಡು ಹಾಕುವ ಮೊದಲೇ, "ಕೊನೆಗೂ ನಮ್ಮ ಬೀದಿಗೆ ಅಂತರ್ಜಾಲ ಬಂತು" ಎಂದು ಮನೆಯೊಳಕ್ಕೆ ಕೇಳುವಂತೆ ಸಾರಿದರು. ಇಂಟರ್‌ನೆಟ್ಟು ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವರು ಪಂಡಿತರು. ಚಮಚಕ್ಕೆ ಸಂಸ್ಕೃತದಲ್ಲಿ ಏನನ್ನುತ್ತಾರೆಂದು ಯೋಚಿಸಿದ ಮೇಲೆಯೇ ಸಕ್ಕರೆ ಕೇಳುವವರು. ಅದು ಎರಡು ಸಾವಿರದ ಎಂಟರ ಬೇಸಿಗೆ. ನಲ್ಲಿಯಲ್ಲಿ ನೀರು ಕಂಡು ವಾರದ ಮೇಲಾಗಿತ್ತು. ಅಡುಗೆಮನೆಯಲ್ಲಿದ್ದ ಹೆಂಡತಿ ಬೀರಕ್ಕನ ಕಿವಿಗೆ ಆ ಮಾತು ಒಂದು ದೀರ್ಘ ಕಳೆದುಕೊಂಡು ತಲುಪಿತು. ಅಂತರ್ಜಲ ಬಂತು ಎಂದರೆ ಕೈಕಟ್ಟಿ ಕೂರುವ ಹೆಂಗಸು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಬೀರಕ್ಕ ಎರಡು ಬಿಂದಿಗೆ ಎತ್ತಿಕೊಂಡು, ಪಕ್ಕದ ಮನೆಯ ನರಸಕ್ಕನನ್ನೂ ಕೂಗಿ ಹೊರಟೇಬಿಟ್ಟಳು. ನರಸಕ್ಕ ಪಂಡಿತರನ್ನೇ ನಿಲ್ಲಿಸಿ, ಎಷ್ಟು ಅಡಿಗೆ ಸಿಕ್ಕಿತೆಂದು ವಿಚಾರಿಸಿದಳು. ತಲೆಬುಡ ತಿಳಿಯದ ಪಂಡಿತರು, ಅದು ಅಡಿಯಲ್ಲಿ ಅಳೆಯುವಂಥದ್ದಲ್ಲ ತಾಯಿ, ವಿಶ್ವವ್ಯಾಪಿಯಾದದ್ದು ಎಂದರು. ಹಾಗಾದರೆ ದೊಡ್ಡ ಬೋರೇ ಇರಬೇಕೆಂದು ನರಸಕ್ಕ ಒಳಗೆ ಹೋಗಿ ಡ್ರಮ್ಮನ್ನೂ ಉರುಳಿಸಿಕೊಂಡು ಬಂದಳು. ಬೀದಿಯ ಕೊನೆಯಲ್ಲಿ, ಪ್ಲೈವುಡ್ಡಿನ ಗೂಡುಗಳಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಅಂದೇ ನೆಟ್ ಸೆಂಟರ್ ತೆರೆದಿದ್ದ ಅರುಣ್ ಕುಮಾರ್, ಬಿಂದಿಗೆ ಹಿಡಿದು ಬಂದ ಮೊದಲ ಗಿರಾಕಿಗಳನ್ನು ಕಂಡು ತಬ್ಬಿಬ್ಬಾದರೂ, "ಕೂರ್ಚೋಂಡಿ ಅಕ್ಕಾ" ಎಂದು ತೆಲುಗಿನಲ್ಲೇ ಕುರ್ಚಿ ತೋರಿಸಿದ. ಖಾಲಿ ಬಿಂದಿಗೆಯೊಂದಿಗೆ ಮರಳಿದ ಬೀರಕ್ಕ ಗಂಡನಿಗೆ ಏನು ಹೇಳಿದಳೆಂಬುದನ್ನು ಇಲ್ಲಿ ಬರೆಯದಿರುವುದೇ ಲೇಸು.

ಈರಲಿಂಗಪ್ಪನವರಿಗೆ ತಮ್ಮ ಹೆಸರಿನ ಮೇಲೇ ಒಂದು ಸಣ್ಣ ಮುನಿಸು. ವೀರಲಿಂಗಪ್ಪ ಎಂದು ಇಡಬೇಕಾದವರು ಈರಲಿಂಗಪ್ಪ ಎಂದಿಟ್ಟು, ಅವರನ್ನು ತೊಟ್ಟಿಲಲ್ಲೇ ತದ್ಭವ ಮಾಡಿಬಿಟ್ಟಿದ್ದರು. ವಿಧಿ ನೋಡಿ, ಕುಂದುರ್ಪಿಯಿಂದ ತಂದ ಹೆಣ್ಣಿನ ಹೆಸರೂ ಅದೇ ವೀರ ಶಬ್ದದ ಇನ್ನೊಂದು ತದ್ಭವ. ಒಂದೇ ಶಬ್ದ ಎರಡಾಗಿ ಒಡೆಯುವಾಗ ವೀರತನವೆಲ್ಲ ಬೀರಕ್ಕನ ಪಾಲಿಗೆ ಹೋಗಿ, ತಮಗೆ ಬರೀ ಲಿಂಗಪ್ಪ ಉಳಿಯಿತೆಂದು ಅವರು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುವುದಿತ್ತು. (ಮನೆಯಲ್ಲಿ ಹೇಳಿಕೊಂಡ ದಾಖಲೆ ಇಲ್ಲ.)

ಅಂತರ್ಜಾಲದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ್ದಕ್ಕೆ ಕಾರಣವಿತ್ತು. ರಜೆಯಲ್ಲಿ ಕಲ್ಯಾಣದುರ್ಗದಲ್ಲಿ ಭಾಷಾ ಶಿಕ್ಷಕರಿಗೆ ತರಬೇತಿ ಇಟ್ಟಿದ್ದರು. ವಿಷಯ: ಭಾಷೆ ಕಲಿಸಲು ಇಂಟರ್‌ನೆಟ್ಟಿನ ಬಳಕೆ. ಅಲ್ಲಿ ಮಾದರಿ ಪಾಠ ಮಾಡಿ ತೋರಿಸಲು ಯಾರಾದರೂ ಮುಂದೆ ಬರಬೇಕೆಂದಾಗ, ಇಡೀ ಹಿಂದೂಪುರದ ಕಡೆಯಿಂದ ಎತ್ತಿದ ಕೈ ಒಂದೇ. ಪಾಠ ಮೆಚ್ಚುಗೆಯಾದರೆ ಆ ಶಿಕ್ಷಕರನ್ನು ಜಿಲ್ಲೆಗೆಲ್ಲ ಸಂಪನ್ಮೂಲ ವ್ಯಕ್ತಿ ಎಂದು ಹೆಸರಿಸುತ್ತಾರೆಂದು ಸುದ್ದಿ. ಈರಲಿಂಗಪ್ಪನವರು ಎಷ್ಟೋ ವರ್ಷಗಳಿಂದ ಕನ್ನಡ ಹೇಳಿಕೊಡುತ್ತಿದ್ದರು. ಅವರ ಶಾಲೆಯ ಮಕ್ಕಳು ಬೀದಿಯಲ್ಲಿ ತೆಲುಗು ಆಡುತ್ತಿದ್ದವು, ಮನೆಯಲ್ಲಿ ಮನೆಯ ಕನ್ನಡ ಆಡುತ್ತಿದ್ದವು. ಪಂಡಿತರು ಕಲಿಸಿದ ಕನ್ನಡವನ್ನು ಎಲ್ಲಿಯೂ ಆಡುತ್ತಿರಲಿಲ್ಲ. ಒಮ್ಮೆಯಾದರೂ ನಾಲ್ಕು ಜನ ಕೂತು ತಮ್ಮ ಮಾತನ್ನು ಗಮನವಿಟ್ಟು ಕೇಳಲಿ ಎಂಬ ಆಸೆ ಅವರಲ್ಲಿ ಒಳಗೊಳಗೇ ಇತ್ತು.

ನೆಟ್ ಸೆಂಟರಿನ ಗೂಡಿನಲ್ಲಿ ಅವರು ಸಂಜೆಗಟ್ಟಲೆ ಕೂತರು. ಕನ್ನಡ ಎಂದು ಹುಡುಕಿದರೆ ಪುಟ ತೆರೆಯಿತು, ಆದರೆ ಪುಟದ ತುಂಬ ಚೌಕಗಳೇ. ಸಾಲು ಸಾಲು ಚೌಕ, ಚೌಕದ ಪಕ್ಕ ಚೌಕ. ಕನ್ನಡ ಇಷ್ಟು ಮೂಲೆಗಳಿರುವ ಭಾಷೆಯೆಂದು ಅವರಿಗೆ ಗೊತ್ತಿರಲಿಲ್ಲ. ಅಕ್ಷರ ಇದರಲ್ಲಿ ಇಲ್ಲ ಸಾರ್, ಯಾವುದೋ ಫಾಂಟ್ ಹಾಕಬೇಕು ಎಂದು ಅರುಣ್ ಕುಮಾರ್ ಗುದ್ದಾಡಿ ಸೋತ. ಮನೆಗೆ ಬಂದರೆ ಬೀರಕ್ಕ ಕಾದಿರುತ್ತಿದ್ದಳು. ಸಂಪನ್ಮೂಲ ವ್ಯಕ್ತಿ ಆಗುವುದೆಂದರೆ ಏನು ಸಾಮಾನ್ಯವೇ ಎಂದು ಇವರು ವಿವರಿಸಿದ ದಿನ ಆಕೆ ಹೇಳಿದ್ದು ಇಷ್ಟೇ: "ಸಂಪತ್ತು ಯಾವಾಗ ಬತ್ತೈತೋ ನಾ ಕಾಣೆ. ಆ ಮರದ ಕುರ್ಚಿ ಮ್ಯಾಲೆ ಕುಂತೂ ಕುಂತೂ ಮೂಲ ಮಾತ್ರ ಬಂದ್ಬುಡ್ತೈತೆ."

ದಾರಿ ತೋರಿಸಿದವನು ಅರುಣ್ ಕುಮಾರನೇ. ಅಕ್ಷರಕ್ಕೆ ಫಾಂಟ್ ಬೇಕು, ಮಾತಿಗೆ ಯಾವ ಫಾಂಟೂ ಬೇಡ. ಮೊಬೈಲಿನಲ್ಲಿ ಪಾಠವನ್ನು ಮಾತಾಡಿ ತಂದುಕೊಟ್ಟರೆ ನೆಟ್ಟಿನಲ್ಲಿ ಒಂದು ಪುಟ ಮಾಡಿ ಹಾಕುತ್ತೇನೆ, ಎಲ್ಲಿ ಕೂತವರಾದರೂ ಕೇಳಬಹುದು ಎಂದ. ಈರಲಿಂಗಪ್ಪನವರ ಕಣ್ಣ ಮುಂದೆ ಲೋಕವೇ ಕಿವಿ ನಿಮಿರಿಸಿ ಕೂತಂತಾಯಿತು. ಆ ರಾತ್ರಿಯೇ ಮೊದಲ ಪಾಠ ಬರೆದರು: ಪತಿ ಪತ್ನಿಯರ ಪ್ರಾತಃಕಾಲದ ಸಂಭಾಷಣೆ. ಪತಿಯ ಪಾತ್ರಕ್ಕೆ ತಾವಿದ್ದರು. ಪತ್ನಿಯ ಪಾತ್ರಕ್ಕೆ ಬೇರೆ ಯಾರನ್ನೂ ಕೇಳುವ ಧೈರ್ಯವಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಹಿಟ್ಟಿನ ಡಬ್ಬದ ಮೇಲೆ ಮೊಬೈಲ್ ನಿಲ್ಲಿಸಿ ಪಾಠ ಶುರುವಾಯಿತು. ಪ್ರಿಯೆ, ಶುಭೋದಯ, ಸುಖನಿದ್ರೆಯಾಯಿತೇ ಎಂದು ಪತಿ ಕೇಳಬೇಕು. ಆಯಿತು ಆರ್ಯ, ತಮ್ಮ ಸ್ನಾನಕ್ಕೆ ಉಷ್ಣೋದಕ ಸಿದ್ಧವಾಗಿದೆ ಎಂದು ಪತ್ನಿ ಹೇಳಬೇಕು. ಬೀರಕ್ಕ ಮೊದಲ ಸಲ ಆರ್ಯ ಎಂಬಲ್ಲಿ ನಕ್ಕಳು. ಎರಡನೇ ಸಲ ಉಷ್ಣೋದಕ ಎಂದರೆ ಯಾವ ಕಷಾಯ ಎಂದು ಕೇಳಿದಳು. ಬಿಸಿನೀರು ಎಂದು ತಿಳಿದ ಮೇಲೆ, ಬಿಸಿನೀರಿಗೆ ಮೊದಲು ನೀರು ಬೇಕಲ್ಲ ಎಂದಳು. ಇದು ಪಾಠ, ಇದರಲ್ಲಿ ನೀರಿದೆ ಎಂದು ಪಂಡಿತರು ಕೈಮುಗಿದ ಮೇಲೆ, ಪಾಪ, ತಪ್ಪಿಲ್ಲದೆ ಕೊನೆಯವರೆಗೂ ಓದಿದಳು. ಈರಲಿಂಗಪ್ಪನವರು "ಇಲ್ಲಿಗೆ ಪ್ರಥಮ ಪಾಠ ಸಮಾಪ್ತವಾಯಿತು" ಎಂದು ಹೇಳಿ, ಮೊಬೈಲಿನ ಒಂದು ಗುಂಡಿ ಒತ್ತಿದರು. ಯಾವ ಗುಂಡಿ ಎಂಬುದು ಅವರಿಗೂ ಆಮೇಲೆ ನೆನಪಾಗಲಿಲ್ಲ. ಆನಂತರ ನಡೆದದ್ದು ಎಲ್ಲರ ಮನೆಯಲ್ಲೂ ಬೆಳಿಗ್ಗೆ ನಡೆಯುವಂಥದ್ದೇ.

ಮಾರನೆಯ ದಿನ ನೆಟ್ ಸೆಂಟರಿನಲ್ಲಿ ಮೊದಲ ನಾಲ್ಕು ಮಾತು ಕೇಳಿ ತೃಪ್ತರಾಗುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ನಾನೇ ಹಾಕಿಬಿಡುತ್ತೇನೆ ಹೋಗಿ ಸಾರ್ ಎಂದ ಅರುಣ್ ಕುಮಾರ್. ಹಾಕಿಯೂ ಹಾಕಿದ. ಅವನು ಮಾತಿಗೆ ತಪ್ಪುವವನಲ್ಲ.

ತರಬೇತಿಗೆ ಹೊರಟ ಬುಧವಾರ ಬೀರಕ್ಕನೂ ಸೀರೆ ಬದಲಾಯಿಸಿ, ಕೈಚೀಲ ಹಿಡಿದು ನಿಂತಳು. ಕಲ್ಯಾಣದುರ್ಗದವರೆಗೆ ನಿಮ್ಮ ಜೊತೆ ಬಂದು ಅಲ್ಲಿಂದ ಕುಂದುರ್ಪಿ ಬಸ್ಸು ಹಿಡಿದು ತವರಿಗೆ ಹೋಗಿಬರುತ್ತೇನೆ ಎಂದಳು. ಪಾವಗಡದ ಮೇಲೆ ಹೋಗುವ ಬಸ್ಸಿನಲ್ಲಿ ಪಂಡಿತರು ತಮ್ಮ ಭಾಷಣವನ್ನು ತುಟಿಯಲ್ಲೇ ಮಗುಚುತ್ತ ಕೂತರು. ಆಕೆ ಕಿಟಕಿಯಾಚೆ ನೋಡುತ್ತ ಕೂತಳು. ಕುಂದುರ್ಪಿಗೆ ಬಸ್ಸು ಮಧ್ಯಾಹ್ನಕ್ಕಿತ್ತು. ಅಲ್ಲಿಯವರೆಗೆ ನೆರಳಿನಲ್ಲಾದರೂ ಇರಲೆಂದು ತರಬೇತಿಯ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಹೆಂಡತಿಯನ್ನು ಕೂರಿಸಿ ಅವರು ವೇದಿಕೆಗೆ ನಡೆದರು.

ರೊದ್ದಂ, ಬ್ರಹ್ಮಸಮುದ್ರ, ಕುಂದುರ್ಪಿ ಕಡೆಯ ಕನ್ನಡ ಮೇಷ್ಟ್ರುಗಳು, ಅವರ ಜೊತೆ ತೆಲುಗು ಮೇಷ್ಟ್ರುಗಳು, ಮುಂದಿನ ಸಾಲಿನಲ್ಲಿ ಜಿಲ್ಲೆಯಿಂದ ಬಂದ ಅಧಿಕಾರಿ ರಾಮಲಿಂಗಯ್ಯ. ಅವರು ತೆಲುಗಿನವರು; ಕನ್ನಡ ಶಾಲೆಗಳ ತಪಾಸಣೆಯೂ ಅವರ ಪಾಲಿಗೇ ಬಂದಿತ್ತು. ಈರಲಿಂಗಪ್ಪನವರು ಅಂತರ್ಜಾಲದ ಮಹಿಮೆಯನ್ನು ಬಣ್ಣಿಸಿ, ಪುಟ ತೆರೆದು, ಪಾಠವನ್ನು ಹಾಕಿ, ಕೈಕಟ್ಟಿ ಪಕ್ಕಕ್ಕೆ ನಿಂತರು. ಸ್ಪೀಕರಿನಲ್ಲಿ ಪ್ರಿಯೆ ಎಂದಿತು. ಆರ್ಯ ಎಂದಿತು. ಉಷ್ಣೋದಕ ಎನ್ನುವ ಹೊತ್ತಿಗೆ ಹಿಂದಿನ ಸಾಲುಗಳು ತೂಕಡಿಸತೊಡಗಿದ್ದವು. ಮಧ್ಯಾಹ್ನದ ಊಟಕ್ಕೆ ಏನಿದೆಯೆಂಬ ಪಿಸುಮಾತು ಎದ್ದಿತ್ತು. ರಾಮಲಿಂಗಯ್ಯನವರು ಮರ್ಯಾದೆಗೆ ಕಣ್ಣು ತೆರೆದುಕೊಂಡಿದ್ದರು. ಪ್ರಥಮ ಪಾಠ ಸಮಾಪ್ತವಾಯಿತು. ಪಂಡಿತರು ಚಪ್ಪಾಳೆಗೆಂದು ಕೊಂಚ ಬಾಗಿದರು.

"ಮುಗೀತಾ ನಿಮ್ಮ ಆರ್ಯ ಗೀರ್ಯ?" ಎಂದಿತು ಸ್ಪೀಕರು. "ಈಗ ಮನುಷ್ಯರಂಗೆ ಮಾತಾಡಾಣ. ಹುಣಸೆಹಣ್ಣು ಎಲ್ಲಿ?"

ತೂಕಡಿಸುತ್ತಿದ್ದವರು ಎದ್ದು ಕೂತರು.

"ಯಾವ ಹುಣಸೆಹಣ್ಣು?" ಎಂದು ಸ್ಪೀಕರಿನೊಳಗಿನ ಈರಲಿಂಗಪ್ಪನವರು ಕೇಳಿದರು. ಹೊರಗಿನ ಈರಲಿಂಗಪ್ಪನವರು ಮೌಸಿನ ಮೇಲೆ ಬಿದ್ದರು. ಪರದೆಯ ಮೇಲಿನ ಬಾಣ ಹೆದರಿದ ಇಲಿಯಂತೆ ಎಲ್ಲೆಲ್ಲೋ ಓಡಿತೇ ಹೊರತು ಕೈಗೆ ಸಿಗಲಿಲ್ಲ.

"ಮೊನ್ನೆ ತತ್ತೀನಿ ಅಂದ್ರಿ. ನಿನ್ನೇನೂ ತತ್ತೀನಿ ಅಂದ್ರಿ. ಇವತ್ತೂ ತರ್ಲಿಲ್ಲ. ನಾಳೆ ತಂದೀರಿ ಅಂತ ನಾ ಕುಂತ್ರೆ ಈ ಮನ್ಯಾಗೆ ಸಾರು ಹುಳೀನೇ ಆಗಾಕಿಲ್ಲ. ದೇಶಕ್ಕೆಲ್ಲ ಹುಣಸೆಹಣ್ಣು ಕಳ್ಸೋ ಊರಾಗೆ ಇದ್ಕಂಡು ಟಮಾಟೆ ಹಣ್ಣು ಹಿಂಡ್ತಾ ಇದೀನಿ. ನಿಮ್ಮಂಥ..."

ಅಷ್ಟಕ್ಕೆ ನೆಟ್ಟು ನಿಂತುಹೋಯಿತು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ನಿಮ್ಮಂಥ ಏನು ಎಂದು ಕನ್ನಡ ಮೇಷ್ಟ್ರು ತೆಲುಗು ಮೇಷ್ಟ್ರನ್ನು, ತೆಲುಗು ಮೇಷ್ಟ್ರು ಕನ್ನಡ ಮೇಷ್ಟ್ರನ್ನು ನೋಡಿದರು. ಪಂಡಿತರು ವೈರನ್ನೇ ಕೀಳಲು ಬಗ್ಗಿದಾಗ ರಾಮಲಿಂಗಯ್ಯನವರು ಕೈಯೆತ್ತಿ, "ಉಂಡನೀಂಡಿ ಸಾರ್, ಇರಲಿ ಬಿಡಿ" ಎಂದರು. ಅಧಿಕಾರಿಯ ಮಾತು, ಬಗ್ಗಿದವರು ಹಾಗೆಯೇ ನಿಂತರು.

"...ಮೇಷ್ಟ್ರನ್ನ ಅಂಗಡಿಗೆ ಕಳ್ಸೋದಕ್ಕಿಂತ ಅಂಗಡೀನೇ ಮನೇಗ್ ಕರೀಬಹುದು" ಎಂದು ಚಕ್ರ ನಿಂತ ಮೇಲೆ ಬೀರಕ್ಕ ಮುಗಿಸಿದಳು. ಸಭೆ ನಕ್ಕು ಬಿದ್ದಿತು. ಆ ನಗುವಿನ ಮೇಲೆ ಪಂಡಿತರ ಧ್ವನಿ ತೇಲಿಬಂತು: "ಮರ್ತೋಗ್ಬುಟ್ಟೆ ಕಣೇ. ಏನ್ ಮಾಡಾಣ ಈಗ? ನೇಣ್ ಹಾಕ್ಬುಡ್ತೀಯಾ?" ಉಷ್ಣೋದಕದಲ್ಲಿ ಮಿಂದು ಬಂದ ಆ ಆರ್ಯನೇ ಈತ ಎಂದು ಗೊತ್ತಾದಾಗ ಕುಂದುರ್ಪಿಯ ಮೇಷ್ಟ್ರೊಬ್ಬರು ಬೆಂಚಿನಿಂದ ಜಾರಿದರು. ಜಿಲ್ಲೆಯ ಶಿಕ್ಷಕರೆದುರು ತಾವು ಮರ್ತೋಗ್ಬುಟ್ಟೆ ಎಂದ ಆ ಕ್ಷಣದಲ್ಲಿ ಈರಲಿಂಗಪ್ಪನವರಿಗೆ ಅಂತರ್ಜಲ ಎಷ್ಟೇ ಅಡಿಯಲ್ಲಿರಲಿ, ಅಲ್ಲಿಯವರೆಗೆ ಭೂಮಿ ಬಿರಿದರೆ ಸಾಕು ಎನಿಸಿತು.

ಪಾಠ ಇನ್ನೂ ಮುಗಿದಿರಲಿಲ್ಲ. ಸ್ಪೀಕರಿನಲ್ಲಿ ಪಂಡಿತರು ಬಚ್ಚಲ ಬಾಗಿಲು ಹಾಕಿಕೊಂಡ ಸದ್ದಾಯಿತು. ನರಸಕ್ಕ ಮಜ್ಜಿಗೆಗೆ ಬಂದದ್ದು ಕೇಳಿಸಿತು. ಆಮೇಲೆ ಬೀರಕ್ಕನ ಧ್ವನಿ ತಗ್ಗಿತು. ಸಭೆಯವರೂ ತಗ್ಗಿ ಕಿವಿಗೊಟ್ಟರು.

"ಬುಧವಾರ ಕಲ್ಯಾಣದುರ್ಗದಾಗೆ ನಮ್ಮೋರು ಎಲ್ರ ಮುಂದೆ ನಿಂತ್ಕಂಡು ಪಾಠ ಮಾಡ್ತಾರಂತೆ ಕಣಕ್ಕ. ನಂಗೆ ಈಗ್ಲೇ ಎದೆ ಢವಢವ ಅಂತೈತೆ. ಅವ್ರು ಆಡೋ ಕನ್ನಡ ನಂಗೆ ಅರ್ಧ ತಿಳಿಯಾಕಿಲ್ಲ. ಆದ್ರೂ ಕೇಳ್ತಾ ಇದ್ರೆ ಗುಡ್ಯಾಗೆ ಮಂತ್ರ ಕೇಳ್ದಂಗೆ ಇರ್ತೈತೆ. ಅದ್ಕೇ ನಾನೂ ಹೊಂಟಿದೀನಿ. ತವರಿಗೆ ಹೋಯ್ತೀನಿ ಅಂತ ಅವರಿಗೆ ಹೇಳ್ತೀನಿ. ತವರ್ನಾಗೆ ನಂಗೇನು ಕೆಲ್ಸ ಐತೆ ಹೇಳು. ಒಂದ್ ಸಲ ಹಿಂದುಗಡೆ ಕುಂತ್ಕಂಡು ಕೇಳ್ಬೇಕು ಅಷ್ಟೇ. ನೀ ಹೇಳ್ಬ್ಯಾಡ ಅವರಿಗೆ."

ಈ ಸಲ ಯಾರೂ ನಗಲಿಲ್ಲ. ಈರಲಿಂಗಪ್ಪನವರು ತಲೆಯೆತ್ತಿ ಹಿಂದಿನ ಬೆಂಚಿನ ಕಡೆ ನೋಡಿದರು. ಬೀರಕ್ಕ ಸೆರಗಿನಿಂದ ಮುಖ ಮರೆಮಾಡಿಕೊಂಡು ಕೈಚೀಲದ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಪಂಡಿತರು ಹೆಗಲ ಮೇಲಿನ ಟವೆಲ್ಲಿನಿಂದ ಕನ್ನಡಕ ಒರೆಸಿಕೊಂಡರು.

ರಾಮಲಿಂಗಯ್ಯನವರು ಎದ್ದು ಬೋರ್ಡಿನ ಬಳಿ ಬಂದರು. ವರ್ಷಗಳಿಂದ ಕನ್ನಡ ಶಾಲೆಗಳಿಗೆ ಹೋಗುತ್ತಿದ್ದೇನೆ, ಪಾಠದ ಮೊದಲ ಭಾಗದಲ್ಲಿ ನನಗೊಂದು ಅಕ್ಷರವೂ ತಿಳಿಯಲಿಲ್ಲ, ಎರಡನೇ ಭಾಗದಲ್ಲಿ ತಿಳಿಯದ ಮಾತೇ ಇರಲಿಲ್ಲ ಎಂದರು. ಸೀಮೆಸುಣ್ಣ ತೆಗೆದುಕೊಂಡು, ತತ್ತೀನಿ ಅಂದರೆ ಭವಿಷ್ಯ, ಅಂದ್ರಿ ಅಂದರೆ ಭೂತ, ತರಲಿಲ್ಲ ಅಂದರೆ ನಿಷೇಧ, ತಂದೀರಿ ಅಂದರೆ ಏನು ಎಂದು ಕೇಳಿದರು. ಸಂಭಾವನಾರ್ಥಕ ಎಂದು ಇಡೀ ಹಾಲು ಒಂದೇ ಕೊರಳಲ್ಲಿ ಹೇಳಿತು. ಮೇಷ್ಟ್ರುಗಳು ಬರೆದುಕೊಳ್ಳತೊಡಗಿದರು. ಈರಲಿಂಗಪ್ಪನವರು ದಂಗಾದರು. ತಾವು ತರಗತಿಯಲ್ಲಿ ಒಂದು ವರ್ಷ ಹೆಣಗಿದರೂ ಮಕ್ಕಳ ತಲೆಗೆ ಹೋಗದ ಕ್ರಿಯಾಪದ ಪ್ರಕರಣವನ್ನು ಹೆಂಡತಿ ಒಂದೇ ಉಸಿರಿನಲ್ಲಿ, ಒಂದೇ ಹುಣಸೆಹಣ್ಣಿಗೆ ಮುಗಿಸಿದ್ದಳು. ಇಷ್ಟು ವರ್ಷ ಅದನ್ನು ತಾವು ಬರೀ ಬೈಗುಳವೆಂದು ತಿಳಿದಿದ್ದರು.

ಸಂಪನ್ಮೂಲ ವ್ಯಕ್ತಿಯ ಆಯ್ಕೆ ಅಲ್ಲೇ ಆಯಿತು. ರಾಮಲಿಂಗಯ್ಯನವರು ಬೀರಕ್ಕನ ಹೆಸರು ಕೇಳಿ ಬರೆದುಕೊಂಡರು. ಹಾಗಾದರೆ ನಾನು ಏನು ಸಾರ್ ಎಂದು ಪಂಡಿತರು ಮೆಲ್ಲಗೆ ವಿಚಾರಿಸಿದಾಗ, ಅವರು ಸ್ವಲ್ಪ ಯೋಚಿಸಿ, ತಾವಿಲ್ಲದೆ ಪಾಠವೇ ನಡೆಯುವುದಿಲ್ಲ, ತಾವು ಪಾಠೋಪಕರಣ ಎಂದರು.

ಬೀರಕ್ಕ ತವರಿಗೆ ಹೋಗಲಿಲ್ಲ. ಹಿಂದೂಪುರದ ಬಸ್ಸು ಹತ್ತಿದವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇನ್ನು ಪಾಠ ಗೀಠ ಎಲ್ಲ ಮುಗಿಯಿತೆಂದು ಈರಲಿಂಗಪ್ಪನವರು ಲೆಕ್ಕ ಹಾಕಿದರು. ಮನೆಯ ಸಾರಿನ ಸುದ್ದಿಯನ್ನು ನಾಲ್ಕು ಮಂಡಲಕ್ಕೆ ಹರಡಿದ ಗಂಡನಿಗೆ ಕ್ಷಮೆ ಯಾವ ವ್ಯಾಕರಣದಲ್ಲಿದೆ? ಬಸ್ಸು ಪಾವಗಡ ದಾಟಿದ ಮೇಲೆ ಆಕೆ ಅತ್ತ ನೋಡಿಕೊಂಡೇ, "ನನ್ ದನಿ ಹಂಗೇನಾ ಇರೋದು?" ಎಂದು ಕೇಳಿದಳು. ಹಾಗೇ ಇರುವುದು ಎಂದು ಇವರು ಹೇಳಿದರು. "ಅಡ್ಡಿಲ್ಲ ಬುಡಿ, ಗಟ್ಟಿಯಾಗೈತೆ" ಎಂದು ಆಕೆ ಕಡಲೆಕಾಯಿ ಪೊಟ್ಟಣ ಬಿಚ್ಚಿ ಅರ್ಧ ಅವರ ಕೈಗೆ ಸುರಿದಳು.

ಆ ಪುಟವನ್ನು ಅಳಿಸಿಬಿಡಲು ಪಂಡಿತರು ನೆಟ್ ಸೆಂಟರಿಗೆ ಹೋದರೆ, ತಡವಾಗಿತ್ತು. ಕೇಳಿದವರು ಆ ಪುಟದಲ್ಲೇ, ಇಂಗ್ಲಿಷ್ ಅಕ್ಷರಗಳಲ್ಲಿ ಓಲೆ ಬರೆದಿದ್ದರು. ನೆಲ್ಲೂರಿನಿಂದ ಪಾವಗಡದ ಬ್ಯಾಂಕಿಗೆ ವರ್ಗವಾಗಿ ಬಂದ ಗುಮಾಸ್ತರೊಬ್ಬರು, ಗಿರಾಕಿಗಳು ಏನೆನ್ನುತ್ತಾರೆಂದು ಈಗ ತಿಳಿಯತೊಡಗಿದೆ ಎಂದಿದ್ದರು. ಗುಂಟೂರಿನಿಂದ ಮಧುಗಿರಿಗೆ ಸೊಸೆಯಾಗಿ ಬಂದ ರೇವತಿ ಎಂಬ ಹೆಣ್ಣುಮಗಳು, ಅತ್ತೆ ಇಷ್ಟು ದಿನ ಅಕ್ಕರೆಯಿಂದ ಮಾತಾಡಿಸುತ್ತಿದ್ದಾರೆಂದು ನಂಬಿದ್ದೆ, ತಮ್ಮ ಪಾಠದಿಂದ ಎಲ್ಲ ಅರ್ಥವಾಯಿತು, ಉತ್ತರ ಕೊಡುವುದನ್ನೂ ದಯವಿಟ್ಟು ಕಲಿಸಿ ಎಂದಿದ್ದಳು. ಅರುಣ್ ಕುಮಾರ್ ಓದಿ ಹೇಳಿದ್ದನ್ನೆಲ್ಲ ಬೀರಕ್ಕ ಗಂಭೀರವಾಗಿ ಕೇಳಿದಳು. ಆ ಮಗುವನ್ನು ನಡುನೀರಿನಲ್ಲಿ ಕೈಬಿಡುವುದು ಸರಿಯಲ್ಲ ಎಂದಳು.

ಹೀಗೆ ವಾರಕ್ಕೊಂದು ಪಾಠ ರೂಢಿಯಾಯಿತು. ಬರೆದು ಓದುವುದು ಬೀರಕ್ಕನಿಗೆ ಒಗ್ಗದು, ಹೊಟ್ಟೆಯೊಳಗಿಂದ ಬರಬೇಕು. ಹಾಗಾಗಿ ಶನಿವಾರವೇ ಈರಲಿಂಗಪ್ಪನವರು ಭಾನುವಾರದ ವ್ಯಾಕರಣಕ್ಕೆ ತಕ್ಕ ಒಂದು ತಪ್ಪು ಮಾಡಿಡಬೇಕಾಯಿತು. ಸಂಖ್ಯಾವಾಚಕಕ್ಕೆ ಗ್ಯಾಸ್ ಬುಕ್ ಮಾಡಲು ಮರೆತರು. ವಿಭಕ್ತಿಪ್ರತ್ಯಯಕ್ಕೆ ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟುಬಂದರು. (ಕೊಡೆಯಿಂದ, ಕೊಡೆಗೆ, ಕೊಡೆಯ ದೆಸೆಯಿಂದ ಅವರಿಗೆ ಅಂದು ಏಳೂ ವಿಭಕ್ತಿಗಳಲ್ಲಿ ಬೈಗುಳ ಬಿತ್ತು.) ಶಾಲೆಯ ಮಕ್ಕಳು ಆ ಪಾಠ ಕೇಳಿ ಪರೀಕ್ಷೆಯಲ್ಲಿ ವಿಭಕ್ತಿಯ ಪ್ರಶ್ನೆಗೆ ಎಲ್ಲರೂ ಸರಿಯುತ್ತರ ಬರೆದರು, ಉದಾಹರಣೆ ಮಾತ್ರ ಎಲ್ಲರದ್ದೂ ಮೇಷ್ಟ್ರ ಕೊಡೆ.

ಮಳೆಗಾಲ ಮುಗಿಯುವ ಹೊತ್ತಿಗೆ ಮಧುಗಿರಿಯ ರೇವತಿಯಿಂದ ಇನ್ನೊಂದು ಓಲೆ ಬಂತು. ಬೈಯುವುದು ಪೂರ್ತಿ ಬಂದಿದೆ ಅಕ್ಕಾ, ಈಗ ಅತ್ತೆಯೂ ನಾನೂ ಚೆನ್ನಾಗಿದ್ದೇವೆ. ಕನ್ನಡದಲ್ಲಿ ಗಂಡನನ್ನು ಹೊಗಳುವುದು ಹೇಗೆ, ಅದನ್ನು ಹೇಳಿಕೊಡಿ ಎಂದು ಕೇಳಿದ್ದಳು. ಈರಲಿಂಗಪ್ಪನವರು ಆ ಭಾನುವಾರ ಯಾವ ತಪ್ಪನ್ನೂ ಮಾಡದೆ, ಒಗೆದ ಪಂಚೆ ಉಟ್ಟು, ತಲೆ ಬಾಚಿ, ಮೊಬೈಲಿನ ಮುಂದೆ ಊಟಕ್ಕೆ ಕೂತರು. ಬೀರಕ್ಕ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮೊಬೈಲಿನ ಕಡೆ ಬಾಗಿದಳು.

"ಅದು ನಮ್ ಕಡೆ ಬಾಯ್ನಾಗೆ ಹೇಳಾಕಿಲ್ಲ ಕಣಮ್ಮ. ಅವ್ರು ಉಂಡು ಸಾಕು ಅಂದ್ ಮ್ಯಾಲೆ ಇನ್ನೊಂದು ಮುದ್ದೆ ಹಾಕ್ಬೇಕು. ನೋಡ್ಕ, ಹಿಂಗೆ."

ತಟ್ಟೆಗೆ ರಾಗಿಮುದ್ದೆ ಬಿತ್ತು. ಈರಲಿಂಗಪ್ಪನವರು ಕಣ್ಣರಳಿಸಿ, ಕರಗಿಹೋಗಿ, ಅದನ್ನು ಕೊನೆಯ ತುತ್ತಿನವರೆಗೂ ನುಂಗಿದರು. ಆದರೆ ಆಗ ಬೀದಿಯಲ್ಲಿ ಲಾರಿಯೊಂದು ಹಾರನ್ ಹೊಡೆದು ಪಾಠ ಕೆಟ್ಟಿತ್ತು. ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಎರಡನೇ ಮುದ್ದೆಯ ಹೊತ್ತಿಗೆ ನರಸಕ್ಕ ಮಜ್ಜಿಗೆಗೆ ಬಂದು ಮಾತಿಗೆ ನಿಂತಳು. ಮೂರನೆಯದಕ್ಕೆ ಮೊಬೈಲೇ ಹಿಟ್ಟಿನ ಡಬ್ಬದಿಂದ ಜಾರಿತು. ಬೀರಕ್ಕ ಸುಸ್ತಾಗಲಿಲ್ಲ, ಪಾಠವೆಂದರೆ ಆಕೆಗೆ ಈಗ ಶ್ರದ್ಧೆ. ಎಲ್ಲ ಸರಿಯಾಗಿ ಮುಗಿದಾಗ ಪಂಡಿತರು ಗೋಡೆಗೊರಗಿ, ಕಾಲು ಚಾಚಿ, ಸೂರು ನೋಡುತ್ತಿದ್ದರು.

ವಾರದೊಳಗೆ ರೇವತಿಯ ಉತ್ತರ ಬಂತು. ಪಾಠ ಬಹಳ ಚೆನ್ನಾಗಿದೆ, ನಮ್ಮವರಿಗೂ ಹಾಗೇ ಬಡಿಸಿದೆ, ಒಂದೇ ಒಂದು ಸಂದೇಹ: ಕೊನೆಯಲ್ಲಿ ಸಾರ್ ಅವರು ಅಮ್ಮಾ ಎಂದು ಉದ್ದಕ್ಕೆ ಹೇಳುತ್ತಾರಲ್ಲ, ಅದು ವ್ಯಾಕರಣದಲ್ಲಿ ಏನು? ಈರಲಿಂಗಪ್ಪನವರು ನೆಟ್ ಸೆಂಟರಿನ ಗೂಡಿನಲ್ಲಿ ಕಷ್ಟಪಟ್ಟು ಕೂತು, ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯಿಂದ ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ ಉತ್ತರ ಬರೆದರು: ಅದು ಭಾವಸೂಚಕಾವ್ಯಯ, ತಾಯಿ.